ಆ ಪೊಟ್ಟಣವನ್ನು ಕಿತ್ತೆಸೆಯಬೇಡಿ

ಆರೋಗ್ಯ ಸಹಾಯಕಿಯಾಗಿ ನಾನು ಸುತ್ತಿದ ಊರುಗಳಲ್ಲಿ ನೋವಿಲ್ಲದ ಮನೆ ಕಂಡಿಲ್ಲ. ಚನ್ನಗಿರಿಯಲ್ಲಿ ಅಡಿಕೆ ಸುಲಿದು ಸೊಂಟ, ಹೊನ್ನಾಳಿ–ನ್ಯಾಮತಿಯಲ್ಲಿ ಭತ್ತದ ನಾಟಿ ಮಾಡಿ ಮಂಡಿ, ಜಗಳೂರಿನಲ್ಲಿ ಮೆಕ್ಕೆಜೋಳದ ಕಳೆ ಕಿತ್ತು ಬೆನ್ನು. ಎಷ್ಟೋ ಜನರ ಎಲೆಅಡಿಕೆ ಸಂಚಿಯಲ್ಲಿ ಹೆಸರಿಲ್ಲದ ಪುಟ್ಟ ಮಾತ್ರೆಗಳ ಪೊಟ್ಟಣ.

ನಮ್ಮತ್ತೆಯ ಸಂಚಿಯಲ್ಲೂ ಇತ್ತು. ಎರಡು ವರ್ಷ ದಿನಕ್ಕೊಂದು ನುಂಗಿದ್ದರು. ಮುಖ ದುಂಡಗಾಗಿತ್ತು, "ಮೈ ತುಂಬ್ಕೊಂಡೀಯ ಬಿಡವ್ವಾ" ಎಂದು ನೆಂಟರು ಸಂತೋಷಪಡುತ್ತಿದ್ದರು. ಮುಂಗೈ ಚರ್ಮ ಮಾತ್ರ ಈರುಳ್ಳಿ ಸಿಪ್ಪೆಯಂತಾಗಿ, ತಾಗಿದಲ್ಲೆಲ್ಲ ನೇರಳೆ ಕಲೆ. ಗಾಬರಿಯಲ್ಲಿ ಪೊಟ್ಟಣವನ್ನು ನಾನೇ ಕಿತ್ತೆಸೆದೆ. ನಾಲ್ಕನೇ ದಿನ ಜ್ವರ, ವಾಂತಿ. ನಾಡಿ ಕೈಗೆ ಸಿಗದಾಯಿತು. ದಾವಣಗೆರೆಯಲ್ಲಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬಿದ್ದ ಮೇಲೆ ಕಣ್ಣು ಬಿಟ್ಟರು. ಪೊಟ್ಟಣದಲ್ಲಿದ್ದದ್ದು ಸ್ಟಿರಾಯ್ಡ್ ಮಾತ್ರೆ.

ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ಒಂದೊಂದೂ ಸುಮಾರು 5 ಗ್ರಾಂ. ಒಳತಿರುಳಿನ ಕೋಶಗಳು ಅಡ್ರಿನಲಿನ್ನನ್ನು ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು, ನರದ ಸುಳಿವು ಸಿಕ್ಕ ಕೂಡಲೇ ಸುರಿಯುತ್ತವೆ. ಹೊರಪದರದ ಕೋಶಗಳಿಗೆ ಅಂಥ ದಾಸ್ತಾನಿಲ್ಲ. ಪಿಟ್ಯುಟರಿಯಿಂದ ಹೇಳಿಕೆ ಬಂದಾಗ ಕೊಲೆಸ್ಟ್ರಾಲ್ ಎಳೆದುಕೊಂಡು ಕಾರ್ಟಿಸಾಲ್ ಎಂಬ ಸ್ಟಿರಾಯ್ಡ್ ಹಾರ್ಮೋನನ್ನು ಆಗಿಂದಾಗಲೇ ಮಾಡಬೇಕು, ಹೆಂಚಿನ ಮೇಲಿನ ಬಿಸಿ ರೊಟ್ಟಿಯ ಹಾಗೆ. ಹೊರಗಿನಿಂದ ದಿನಾ ಸ್ಟಿರಾಯ್ಡ್ ಬಂದರೆ ಹೇಳಿಕೆ ನಿಲ್ಲುತ್ತದೆ, ಒಲೆ ಆರುತ್ತದೆ, ಕೋಶಗಳು ಕುಗ್ಗುತ್ತವೆ. ಗ್ರಂಥಿಯ ಅಂಚಿನಲ್ಲಿ ಹುಟ್ಟಿದ ಹೊಸ ಕೋಶಗಳು ಒಳಕ್ಕೆ ಸರಿಯುತ್ತಾ ಪದರವನ್ನು ಮತ್ತೆ ಕಟ್ಟುವುದನ್ನು ಇಲಿಗಳ ಮೇಲಿನ ಇತ್ತೀಚಿನ ಸಂಶೋಧನೆ ತೋರಿಸಿದೆ. ಓದಿ ಸಮಾಧಾನವಾಯಿತು. ಮನುಷ್ಯರಲ್ಲಿ ಗ್ರಂಥಿ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಮಾತ್ರೆ ಅರ್ಧ, ಕಾಲು ಮಾಡುತ್ತಾ ಬಿಡಿಸಲು ಅತ್ತೆಗೆ ಹನ್ನೊಂದು ತಿಂಗಳು ಹಿಡಿಯಿತು.

ಸ್ಟಿರಾಯ್ಡ್ ಜೀವ ಉಳಿಸುವ ಔಷಧಿ. ಈ ಹಾರ್ಮೋನುಗಳ ಸಂಶೋಧನೆಗೆ 1950ರಲ್ಲಿ ನೊಬೆಲ್ ಬಂತು. ಕೊರೊನಾದಲ್ಲಿ ಆಕ್ಸಿಜನ್ ಮೇಲಿದ್ದ ಎಷ್ಟೋ ಜನರನ್ನು ಡೆಕ್ಸಾಮೆಥಾಸೋನ್ ಬದುಕಿಸಿತು. ನನ್ನ ತಕರಾರು ಹೆಸರು ಮುಚ್ಚಿ ಕೊಡುವುದಕ್ಕೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನಿದೆ. ಮಾತ್ರೆ ಬಿಡಿಸಿ ಪೇಪರಿನಲ್ಲಿ ಕಟ್ಟಿಕೊಟ್ಟರೆ ನುಂಗುವವರಿಗೆ ಏನು ತಿಳಿದೀತು?

ನಾನು ಸುತ್ತಿದ ಈ ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಡಿನೋವೆಂದು ಬಂದವರನ್ನು ಮೊದಲು ಈ ಪೊಟ್ಟಣದ ಬಗ್ಗೆ ಕೇಳಲಿ. ಬಹುಕಾಲ ನುಂಗಿದವರ ಕೈಗೆ, ಮಾತ್ರೆಯ ಹೆಸರು ಮತ್ತು ಅದನ್ನು ಇಳಿಸುವ ಕ್ರಮ ಬರೆದ ಕನ್ನಡದ ಚೀಟಿ ಕೊಡಲಿ. ಆಶಾ ಕಾರ್ಯಕರ್ತೆಯರೇ, ಪೊಟ್ಟಣ ಕಂಡರೆ ಅಜ್ಜಿಯರನ್ನು ಬೈಯಬೇಡಿ. ಪೊಟ್ಟಣದ ಸಮೇತ ವೈದ್ಯರ ಬಳಿ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪದಿರಲಿ.