ತಾಮ್ರದ ಹಂಡೆಯೂ ತೈಲಚಿತ್ರವೂ

ಚಿತ್ರಕಲೆಯೆಂದೊಡನೆ ದೇವದೇವಿಯರು, ರಾಜಮಹಾರಾಜರು, ಗಿರಿವನಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಹಂಡೆ, ಬಿಂದಿಗೆ, ತಟ್ಟೆ, ಲೋಟಗಳನ್ನು ಮುಂದಿಟ್ಟುಕೊಂಡು ಬರೆದ ತೈಲಚಿತ್ರವನ್ನು ಕಂಡರೆ ‘ಇದರಲ್ಲೇನಿದೆ?’ ಎಂದು ಮೂಗು ಮುರಿಯುವವರೇ ಹೆಚ್ಚು. ಈ ತಾತ್ಸಾರ ಸರಿಯಲ್ಲವೆಂಬುದು ನನ್ನ ನಮ್ರವಾದ ಅಭಿಪ್ರಾಯ.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ತಾತ್ಸಾರವಲ್ಲ. 17ನೆಯ ಶತಮಾನದ ಫ್ರಾನ್ಸಿನಲ್ಲಿ ಫೆಲಿಬಿಯೆನ್ ಎಂಬ ವಿದ್ವಾಂಸನು ಚಿತ್ರದ ವಿಷಯಗಳಿಗೆ ಮೇಲುಕೀಳುಗಳನ್ನು ಗೊತ್ತುಮಾಡಿ, ನಿರ್ಜೀವ ವಸ್ತುಗಳನ್ನು ಕೆಳಗಿನ ಮೆಟ್ಟಿಲಲ್ಲಿ ಇರಿಸಿದನು. ಆದರೆ ಅದೇ ದೇಶದ ಬಡಗಿಯೊಬ್ಬನ ಮಗನಾದ ಷಾರ್ದ್ಯಾಂ (1699–1779) ಅಡಿಗೆಮನೆಯ ತಾಮ್ರದ ನೀರಿನ ಪಾತ್ರೆಯೊಂದನ್ನೇ ವಿಷಯವಾಗಿಟ್ಟುಕೊಂಡು 1734ರ ಸುಮಾರಿಗೆ ಬರೆದ ಚಿತ್ರವು ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಲೋಹವನ್ನು ಚಿತ್ರಿಸುವುದು ಸುಲಭದ ಕೆಲಸವಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕನ್ನೇ ಅಂಟಿಸುವರು, ಅದೊಂದು ದಾರಿ. ತೈಲಚಿತ್ರದ ದಾರಿ ಬೇರೆ. ಚಿನ್ನವನ್ನು ಬಣ್ಣಗಳಿಂದಲೇ ತೋರಿಸಬಲ್ಲವನು ಹೆಚ್ಚು ಪ್ರಶಂಸೆಗೆ ಅರ್ಹನೆಂದು ಇಟಲಿಯ ಆಲ್ಬರ್ಟಿಯು 1435ರಲ್ಲಿಯೇ ಬರೆದನು. ಏಕೆಂದರೆ ಬೆಳಗಿದ ಪಾತ್ರೆಯು ತನ್ನ ಸುತ್ತಲಿನದನ್ನೆಲ್ಲ ಪ್ರತಿಬಿಂಬಿಸುತ್ತದೆ. ಕಿಟಕಿ, ಮೇಜಿನ ಬಟ್ಟೆ, ಪಕ್ಕದ ನಿಂಬೆಹಣ್ಣು ಎಲ್ಲವೂ ಅದರ ಉಬ್ಬಿನಲ್ಲಿ ಬಾಗಿ ಕಾಣುತ್ತವೆ. ತಾಮ್ರವು ಅವುಗಳಿಗೆ ತನ್ನ ಕೆಂಪನ್ನು ಬೆರೆಸುತ್ತದೆ. ಬೆಳ್ಳಿಯು ಹೆಚ್ಚುಕಡಿಮೆ ಇದ್ದ ಬಣ್ಣವನ್ನೇ ತೋರಿಸುತ್ತದೆ. ಕಡುನೆರಳಿನ ಮಗ್ಗುಲಲ್ಲಿಯೇ ಬೆಳಕು ಬಂದಾಗ ಹೊಳಪು ಹುಟ್ಟುತ್ತದೆ. ಎಲ್ಲೆಡೆಯೂ ಬಿಳಿಯನ್ನು ಬಳಿದರೆ ಪಾತ್ರೆಯು ಸುಣ್ಣ ಹೊಡೆದ ಮಡಕೆಯಂತಾಗುತ್ತದೆ! ತೈಲವರ್ಣ ನಿಧಾನವಾಗಿ ಒಣಗುವುದರಿಂದ ನೆರಳನ್ನೂ ಬೆಳಕನ್ನೂ ಮೃದುವಾಗಿ ಬೆಸೆಯಲು ಚಿತ್ರಕಾರನಿಗೆ ಸಮಯ ದೊರೆಯುತ್ತದೆ. ಅತ್ಯಂತ ಬೆಳ್ಳನೆಯ ಚುಕ್ಕೆಯನ್ನು ಅವನು ಕಡೆಯವರೆಗೂ ಕಾಯ್ದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ನೋಡುವ ಕಣ್ಣು ಎಲ್ಲಿಂದ ಬರಬೇಕು? ನಮ್ಮಲ್ಲಿ ಅನೇಕರು ನನ್ನಂತೆಯೇ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಕಲೆಯೆಂಬುದು ಉಳ್ಳವರ ಸೊತ್ತು, ನಮಗೆ ದೂರದ್ದು ಎಂಬ ಅಂಜಿಕೆ ನಮ್ಮಲ್ಲಿದೆ. ನನ್ನ ತಾಯಿಗೆ ಅಕ್ಷರ ಬಾರದು. ಆದರೆ ಹುಣಸೆಹಣ್ಣು ತಿಕ್ಕಿ ಹಂಡೆಯನ್ನು ಬೆಳಗುವಾಗ ಎಲ್ಲಿ ಕಿಲುಬು ಉಳಿದಿದೆ, ಎಲ್ಲಿ ತಗ್ಗು ಬಿದ್ದಿದೆ ಎಂಬುದನ್ನು ಬೆಳಕು ಜಾರುವ ರೀತಿಯಿಂದಲೇ ಆಕೆ ಬಲ್ಲಳು. ಚಿತ್ರಕಾರನು ಅಭ್ಯಾಸದಿಂದ ಪಡೆಯಬೇಕಾದ ದೃಷ್ಟಿಯೂ ಅದೇ ಅಲ್ಲವೆ?

ಆದ್ದರಿಂದ ಸಹಪಾಠಿ ಮಿತ್ರರಲ್ಲಿಯೂ ಗುರುಗಳಲ್ಲಿಯೂ ನನ್ನ ಬಿನ್ನಹವಿಷ್ಟೆ: ಮುಂದಿನ ವರ್ಷದ ಚಿತ್ರಪ್ರದರ್ಶನದಲ್ಲಿ ದೇವರ ಪಟಗಳ ಜೊತೆಗೆ ನಮ್ಮ ಮನೆಗಳ ಒಂದು ಹಂಡೆಗೂ ಸ್ಥಳವಿರಲಿ.