ಜಲಜನಕಕ್ಕಿಂತ ಮೊದಲು ಶುದ್ಧ ಜಲ

ಹುಲಿಹೈದರದಂಥ ಊರಿನಿಂದ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆಂದು ಬಸ್ಸು ಹತ್ತುವ ರೋಗಿಯನ್ನು ನೆನೆಸಿಕೊಳ್ಳಿ. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ಸುಸ್ತಾಗಿ ಮರಳಬೇಕು. ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಯಿತು. ಅಂಥ ಮನೆಯವರಿಗೆ ‘ಜಲಜನಕದ ನೀರು ಕುಡಿಸಿ, ಕಿಡ್ನಿ ಸರಿಹೋಗುತ್ತದೆ’ ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಹಣ ಬಿಚ್ಚುವ ಮೊದಲು ಈ ಮಾತಿನಲ್ಲಿ ನಿಜವೆಷ್ಟು ಎಂದು ತಿಳಿಯಬೇಕು.

ಸಂಗತಿ ಪೂರ್ತಿ ಸುಳ್ಳಲ್ಲ. ಡಯಾಲಿಸಿಸ್ ರೋಗಿಗಳ ದೇಹದಲ್ಲಿ ಉರಿಯೂತ ಹೆಚ್ಚಿರುತ್ತದೆ; ಹೃದಯ, ರಕ್ತನಾಳಗಳು ಬಳಲುತ್ತವೆ. ಇದನ್ನು ತಗ್ಗಿಸಲು ಜಪಾನಿನ ತಜ್ಞರು ಅತ್ಯಲ್ಪ ಜಲಜನಕ ಕರಗಿದ ನೀರಿನಿಂದ ಡಯಾಲಿಸಿಸ್ ದ್ರವ ತಯಾರಿಸಿದರು. 309 ರೋಗಿಗಳನ್ನು ಮೂರು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಜಲಜನಕ ಪಡೆದವರಲ್ಲಿ ಸಾವು ಹಾಗೂ ಹೃದಯ, ಮೆದುಳಿನ ಆಘಾತಗಳು ಒಟ್ಟಾರೆ ಕಡಿಮೆ ಕಂಡವು. ಆದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಹಂಚಿರಲಿಲ್ಲ. ಹೀಗಾಗಿ ಇದು ಭರವಸೆ, ಸಿದ್ಧಾಂತವಲ್ಲ. ಕೆಟ್ಟ ಮೂತ್ರಪಿಂಡ ಇದರಿಂದ ಮರಳಿ ಸರಿಯಾಯಿತೆಂದು ಆ ತಜ್ಞರೂ ಹೇಳಿಲ್ಲ.

ಇನ್ನೊಂದು ಮಾತು. ಅವರು ಜಲಜನಕ ಬೆರೆಸಿದ್ದು ಯಂತ್ರದ ದ್ರವಕ್ಕೆ, ಕುಡಿಯುವ ಬಾಟಲಿಗಲ್ಲ. ಮೂತ್ರ ಕಡಿಮೆಯಾದ ರೋಗಿ ಔಷಧಿಯೆಂದು ನೀರು ಹೆಚ್ಚು ಕುಡಿದರೆ ಕಾಲು ಬಾತು, ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ.

ನಮ್ಮ ನಿಜವಾದ ಚಿಂತೆ ಬೇರೆ ಇದೆ. ಒಂದು ಬಾರಿಯ ಡಯಾಲಿಸಿಸ್‌ಗೆ ಸುಮಾರು 120 ಲೀಟರು ದ್ರವ ಬೇಕು. ಅದಕ್ಕೂ ರಕ್ತಕ್ಕೂ ನಡುವೆ ತೆಳು ಪೊರೆಯೊಂದೇ ಅಡ್ಡ. ಕೊಪ್ಪಳ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಡಯಾಲಿಸಿಸ್ ನೀರಿನಲ್ಲಿ 0.2 ದಾಟಬಾರದು. 1993ರಲ್ಲಿ ಅಮೆರಿಕದ ಶಿಕಾಗೋದಲ್ಲಿ ನೀರು ಶುದ್ಧೀಕರಿಸುವ ಸಾಧನದ ಸತ್ವ ತೀರಿದ್ದರಿಂದ ಫ್ಲೋರೈಡ್ ನುಗ್ಗಿ ಮೂವರು ಡಯಾಲಿಸಿಸ್ ರೋಗಿಗಳು ಸತ್ತರು. ಶ್ರೀಮಂತ ದೇಶದಲ್ಲೇ ಹೀಗಾದರೆ ನಾವು ಮೈಮರೆಯಬಹುದೇ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಜಲಜನಕದ ಸಂಶೋಧನೆ ನಡೆಯಲಿ, ದೊಡ್ಡ ಪರೀಕ್ಷೆಗಳಲ್ಲಿ ಗೆದ್ದು ಬರಲಿ. ಅಲ್ಲಿಯವರೆಗೆ ಸರಕಾರದ ಹಣ ಶುದ್ಧ ನೀರಿಗೆ, ತರಬೇತಾದ ಸಿಬ್ಬಂದಿಗೆ, ರೋಗಿಯ ಊರಿಗೆ ಹತ್ತಿರದ ಯಂತ್ರಗಳಿಗೆ ಸಲ್ಲಲಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡವರಿಗೆ ಉಚಿತ ಚಿಕಿತ್ಸೆ ಕೊಡಲೆಂದೇ ಇದೆ. ಅದನ್ನು ಕೇಳಿ ಪಡೆಯಿರಿ. ನೀರಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತೆಂದು ಘಟಕದವರನ್ನು ವಿನಯದಿಂದಲೇ ವಿಚಾರಿಸಿ. ಯಾರದೋ ಮಾತು ಕೇಳಿ ಒಂದು ಸರದಿಯನ್ನೂ ತಪ್ಪಿಸಬೇಡಿ. ಎಮ್ಮೆ ಮಾರಿ ಬಾಟಲಿ ಕೊಳ್ಳುವುದಂತೂ ಬೇಡವೇ ಬೇಡ.