ಘೋಷಣೆ ಕೂಗಿದ ಗಂಟಲಿಗೆ ಬೆಲೆ ಎಷ್ಟು?

ಚುನಾವಣೆ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಈಗ ಹೊಸದೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಬಾವುಟ ಕಟ್ಟುವ ಕೆಲಸವಲ್ಲ, ಗೋಡೆಗೆ ಸುಣ್ಣ ಬಳಿದು ಚಿಹ್ನೆ ಬರೆಯುವ ಕೆಲಸವೂ ಅಲ್ಲ. ಎಸಿ ಕೋಣೆ, ಸಾಲು ಸಾಲು ಲ್ಯಾಪ್‌ಟಾಪು, ಗೋಡೆಯ ಮೇಲೆ 224 ಕ್ಷೇತ್ರಗಳ ನಕ್ಷೆ. ಅದಕ್ಕೆ ವಾರ್ ರೂಮ್ ಎಂದು ಹೆಸರು. ಅಲ್ಲಿ ಕೂತವರು ಬಹುಪಾಲು ನಿಮ್ಮ ವಯಸ್ಸಿನವರೇ. ಫೀಸು ಏರಿಸಿದಾಗ ಕಾಲೇಜು ಗೇಟಿನ ಮುಂದೆ ಘೋಷಣೆ ಕೂಗಿದ ಹುಡುಗನೂ ಅಲ್ಲಿ ಸಿಗುತ್ತಾನೆ. ನಿನ್ನೆ ಅವನ ಗಂಟಲು ಪುಕ್ಕಟೆಯಾಗಿತ್ತು. ಇವತ್ತು ಅದಕ್ಕೆ ಸಂಬಳವಿದೆ.

ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ಓದಿದವನಿಗೆ ಕೆಲಸ ಬೇಕು, ಮನೆಯಲ್ಲಿ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. ದುಡಿದು ತಿನ್ನುವವನನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಕರಾರು ಸಂಬಳದ ಬಗ್ಗೆ ಅಲ್ಲ. ಕ್ಯಾಂಪಸ್ಸಿನಲ್ಲಿ ಏನು ಕಲಿತಿರಿ, ಹೊರಗೆ ಬಂದು ಅದರಲ್ಲಿ ಯಾವುದನ್ನು ಮಾರಿದಿರಿ? ಇಷ್ಟೇ ನಮ್ಮ ಪ್ರಶ್ನೆ.

ಈ ದಾರಿ ಹೊಸದೇನಲ್ಲ. ಇದನ್ನು ತುಳಿದು ಶ್ವೇತಭವನದವರೆಗೆ ಹೋದ ಒಬ್ಬನ ಕತೆ ಕೇಳಿ.

ಕಾರ್ಲ್ ರೋವ್. ಹುಟ್ಟಿದ್ದು 1950ರಲ್ಲಿ. ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ರಿಪಬ್ಲಿಕನ್ ಪಕ್ಷದ ವಿದ್ಯಾರ್ಥಿ ಸಂಘಟನೆಯ ಚುರುಕು ಹುಡುಗ. 1970ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಇಲಿನಾಯ್ ರಾಜ್ಯದ ಡೆಮಾಕ್ರಟಿಕ್ ಅಭ್ಯರ್ಥಿ ಅಲನ್ ಡಿಕ್ಸನ್ ಅವರ ಪ್ರಚಾರ ಕಚೇರಿಗೆ ಸುಳ್ಳು ಹೆಸರು ಹೇಳಿ ನುಗ್ಗಿದ. ಅಲ್ಲಿಂದ ಲೆಟರ್‌ಹೆಡ್ ಕದ್ದ. ಸಭೆಗೆ ಬಂದವರಿಗೆ ಬಿಯರ್, ಊಟ, ಹುಡುಗಿಯರು ಎಲ್ಲ ಉಚಿತ ಎಂದು ಅದರ ಮೇಲೆ ಅಚ್ಚು ಹಾಕಿಸಿ, ನಿರಾಶ್ರಿತರ ತಂಗುದಾಣಗಳಲ್ಲಿ, ಸಂಗೀತ ಕಛೇರಿಗಳಲ್ಲಿ ಹಂಚಿಬಿಟ್ಟ. ಡಿಕ್ಸನ್ ಗೆದ್ದರು, ಅದು ಬೇರೆ ಮಾತು. ರೋವ್ ಮುಂದೆ ಇದನ್ನು ಹುಡುಗಾಟ ಎಂದು ಹೇಳಿಕೊಂಡು ವಿಷಾದಿಸಿದ.

ಮರುವರ್ಷವೇ ಓದು ಬಿಟ್ಟು ಸಂಘಟನೆಯ ಪೂರ್ಣಾವಧಿ ಕೆಲಸಕ್ಕೆ ಸೇರಿದ. 1973ರಲ್ಲಿ ಅದರ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ನಿಂತ. ಅವನ ಪರವಾಗಿ ದಕ್ಷಿಣದ ರಾಜ್ಯಗಳಲ್ಲಿ ಓಡಾಡಿದವನು ಲೀ ಆಟ್‌ವಾಟರ್ ಎಂಬ ಇನ್ನೊಬ್ಬ ಹುಡುಗ. ಎರಡೂ ಬಣದವರು ನಾವೇ ಗೆದ್ದೆವೆಂದರು. ರೋವ್ ಹುಡುಗರಿಗೆ ಚುನಾವಣೆಯ ಕುತಂತ್ರಗಳ ಪಾಠ ಹೇಳುತ್ತಾನೆಂದು ವಾಷಿಂಗ್‌ಟನ್ ಪೋಸ್ಟ್‌ನಲ್ಲಿ ಸುದ್ದಿಯೂ ಬಂತು. ಅದು ವಾಟರ್‌ಗೇಟ್ ಹಗರಣ ಹೊಗೆಯಾಡುತ್ತಿದ್ದ ವರ್ಷ. ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರು ವಿಚಾರಣೆ ಮಾಡಿಸಿದರು, ಕೊನೆಗೆ ರೋವ್ ಪರವಾಗಿಯೇ ತೀರ್ಪು ಕೊಟ್ಟರು. ಆ ಅಧ್ಯಕ್ಷರು ಯಾರು ಗೊತ್ತೇ? ಮುಂದೆ ಅಮೆರಿಕದ ರಾಷ್ಟ್ರಾಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್.

ಇಲ್ಲಿ ಸ್ವಲ್ಪ ನಿಲ್ಲಿ. ಆ ಹುಡುಗ ಅವತ್ತು ಕಲಿತ ಪಾಠ ಯಾವುದು? ಗೆದ್ದರೆ ಯಾರೂ ಕೇಳುವುದಿಲ್ಲ ಎಂಬ ಪಾಠ. ಹತ್ತೊಂಬತ್ತರಲ್ಲಿ ಒಬ್ಬ ಹಿರಿಯ ಕಿವಿ ಹಿಂಡಿದ್ದರೆ ಹುಡುಗಾಟ ಹುಡುಗಾಟವಾಗಿಯೇ ಮುಗಿಯುತ್ತಿತ್ತೋ ಏನೋ. ಹಿಂಡಬೇಕಾದ ಕೈ ಬೆನ್ನು ತಟ್ಟಿತು.

1981ರಲ್ಲಿ ರೋವ್ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸ್ವಂತ ಕಂಪನಿ ತೆರೆದ. ವ್ಯಾಪಾರ ಏನು? ಅಂಚೆ ಪ್ರಚಾರ. ಯಾರು ಯಾವ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾರೆ, ಯಾರಿಗೆ ಯಾವ ವಿಷಯದ ಮೇಲೆ ಸಿಟ್ಟಿದೆ, ಯಾರಿಗೆ ಯಾವುದರ ಭಯವಿದೆ ಎಂದು ಪಟ್ಟಿ ಮಾಡಿ, ಮನೆಮನೆಗೆ ತಕ್ಕ ಕಾಗದ ಕಳಿಸುವುದು. ಇವನಿಗೆ ಒಂದು ಮಾತು, ಪಕ್ಕದ ಮನೆಯವನಿಗೆ ಇನ್ನೊಂದು. ಮೈದಾನದಲ್ಲಿ ನಿಂತು ಭಾಷಣ ಮಾಡಿದರೆ ಎಲ್ಲರೂ ಕೇಳುತ್ತಾರೆ, ಎದುರಾಳಿ ಉತ್ತರ ಕೊಡುತ್ತಾನೆ. ಲಕೋಟೆಯೊಳಗಿನ ಮಾತಿಗೆ ಉತ್ತರ ಕೊಡುವವರು ಯಾರು? ಇವತ್ತು ನಿಮ್ಮ ಮೊಬೈಲಿಗೆ ಬಂದು ಬೀಳುವ ವಾಟ್ಸಾಪ್ ಸಂದೇಶಕ್ಕೆ ಆ ಲಕೋಟೆಯೇ ಅಜ್ಜ. ಕಿರಿಯ ಬುಷ್ ಅವರನ್ನು 1994ರಲ್ಲಿ ಟೆಕ್ಸಾಸ್ ಗವರ್ನರ್ ಮಾಡಿದ್ದು, 2000 ಮತ್ತು 2004ರಲ್ಲಿ ರಾಷ್ಟ್ರಾಧ್ಯಕ್ಷ ಮಾಡಿದ್ದು ಇದೇ ರೋವ್‌ನ ತಂತ್ರ.

ಗೆಳೆಯ ಆಟ್‌ವಾಟರ್? 1988ರಲ್ಲಿ ಹಿರಿಯ ಬುಷ್ ಅವರ ಪ್ರಚಾರದ ಸೂತ್ರಧಾರ ಅವನೇ. ಎದುರಾಳಿ ಮೈಕೆಲ್ ಡುಕಾಕಿಸ್ ಅವರನ್ನು, ಕಪ್ಪು ಅಪರಾಧಿಯೊಬ್ಬನ ಹೆಸರು ಹಿಡಿದು, ಬಿಳಿಯರ ಭಯಕ್ಕೆ ಗಾಳಿ ಹಾಕಿ ಸೋಲಿಸಿದ. ಎರಡೇ ವರ್ಷಕ್ಕೆ ಮಿದುಳಿನಲ್ಲಿ ಗಡ್ಡೆ ಕಾಣಿಸಿತು. ಸಾವು ಬಾಗಿಲಲ್ಲಿ ನಿಂತಾಗ ತಾನು ಡುಕಾಕಿಸ್ ವಿಷಯದಲ್ಲಿ ಕ್ರೂರವಾಗಿ ನಡೆದುಕೊಂಡೆನೆಂದು ಲೈಫ್ ಪತ್ರಿಕೆಯಲ್ಲಿ ಕ್ಷಮೆ ಕೇಳಿದ. 1991ರ ಮಾರ್ಚಿನಲ್ಲಿ ಸತ್ತ. ಆಗ ಅವನಿಗೆ ವಯಸ್ಸು ನಲವತ್ತು. ಕ್ಷಮೆ ಕೇಳಿದ್ದು ದೊಡ್ಡತನವೇ. ಆದರೆ ಹಾಕಿದ ವಿಷ ನೀರಿನಲ್ಲಿ ಬೆರೆತು ಹೋಗಿತ್ತು.

ಅಮೆರಿಕದ ಕತೆ ನಮಗೇಕೆ ಎನ್ನಬೇಡಿ. ನಮ್ಮ ಮನೆಯ ಬಾಗಿಲಿಗೆ ಬನ್ನಿ.

2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಹಗರಣ ಹೊರಬಿತ್ತು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆಂದು ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಹುಡುಗರು, ಬೂತ್ ಮಟ್ಟದ ಸರ್ಕಾರಿ ಅಧಿಕಾರಿಗಳೆಂಬ ಗುರುತು ಚೀಟಿ ತೂಗುಹಾಕಿಕೊಂಡು ಮನೆಮನೆಯ ಮಾಹಿತಿ ಬರೆದುಕೊಂಡರೆಂಬುದು ಆರೋಪ. ಬಂಧನಗಳಾದವು, ಚುನಾವಣಾ ಆಯೋಗದ ಸೂಚನೆಯಂತೆ ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಆರೋಪದ ಆ ಚೀಟಿಯನ್ನೂ ಡಿಕ್ಸನ್ ಕಚೇರಿಯಿಂದ ಕದ್ದ ಲೆಟರ್‌ಹೆಡ್ಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ತಮ್ಮದಲ್ಲದ ಹೆಸರಿನಲ್ಲಿ ಬಾಗಿಲು ತಟ್ಟುವುದು ಎರಡರಲ್ಲೂ ಒಂದೇ.

ಹಾಗೆಂದು ತಂತ್ರಗಾರಿಕೆ ಎಲ್ಲವೂ ಪಾಪವೇ? ಇಲ್ಲ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ 40 ಪರ್ಸೆಂಟ್ ಕಮಿಷನ್ ದೂರನ್ನು ಪ್ರಧಾನಿಗೆ ಬರೆಯಿತು. ಕಾಗದ ಕಡತದಲ್ಲಿ ಕೂತಿತು. 2022ರ ಸೆಪ್ಟೆಂಬರಿನಲ್ಲಿ ಆ ದೂರೇ ಪೇಸಿಎಂ ಪೋಸ್ಟರ್ ಆಗಿ ಬೆಂಗಳೂರಿನ ಗೋಡೆಗೆ ಹತ್ತಿತು. ಆಟೋ ಚಾಲಕನಿಗೂ ಅರ್ಥವಾಯಿತು, ಹೂ ಮಾರುವವರಿಗೂ ಅರ್ಥವಾಯಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಅದರ ತಂತ್ರಗಾರರಾಗಿದ್ದ ಬಳ್ಳಾರಿ ಮೂಲದ ಸುನಿಲ್ ಕನುಗೋಲು ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಗಳ ಸಲಹೆಗಾರರಾಗಿ ನೇಮಕವಾದರು. ಯಾವ ಪಕ್ಷ ಗೆದ್ದಿತೆಂಬುದು ಇಲ್ಲಿ ನಮ್ಮ ಮಾತಲ್ಲ. ಜನರ ಬಾಯಲ್ಲಿ ಮೊದಲೇ ಇದ್ದ ಮಾತಿಗೆ ಚೂಪು ಕೊಟ್ಟರೆ ಅದೂ ಒಂದು ವಿದ್ಯೆ. ಇಲ್ಲದ ಭಯವನ್ನು ಹುಟ್ಟಿಸಿ ಮಾರಿದರೆ ಅದು ವಿದ್ಯೆಯಲ್ಲ, ವಂಚನೆ. ಕತ್ತಿಗೆ ಸಾಣೆ ಹಿಡಿಯುವವನು ಯಾರ ಕುತ್ತಿಗೆಗೆ ಎಂದು ಒಮ್ಮೆಯಾದರೂ ಕೇಳಬೇಕಲ್ಲವೇ?

ಇನ್ನೊಂದು ಮಾತು. ಪ್ರಶಾಂತ್ ಕಿಶೋರ್ ಹೆಸರು ನೀವೆಲ್ಲ ಬಲ್ಲಿರಿ. ಅವರು ವಿದ್ಯಾರ್ಥಿ ನಾಯಕರಾಗಿ ಬಂದವರಲ್ಲ, ಆದರೆ ಈ ಕಸುಬಿಗೆ ನಮ್ಮ ದೇಶದಲ್ಲಿ ಹೆಸರು ತಂದವರು. 2014ರಲ್ಲಿ ಮೋದಿ ಪ್ರಚಾರಕ್ಕೆ, 2015ರಲ್ಲಿ ಅವರ ಎದುರು ನಿಂತ ನಿತೀಶ್–ಲಾಲು ಕೂಟಕ್ಕೆ, 2021ರಲ್ಲಿ ಮಮತಾ ಮತ್ತು ಸ್ಟಾಲಿನ್ ಅವರಿಗೆ ಕೆಲಸ ಮಾಡಿದರು. ಎಲ್ಲ ಕಡೆ ಗೆಲುವು. 2024ರಲ್ಲಿ ಸ್ವಂತ ಪಕ್ಷ ಕಟ್ಟಿದರು. 2025ರ ಬಿಹಾರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದೇ ಒಂದು ಸ್ಥಾನವೂ ಬರಲಿಲ್ಲ. ಬೇರೆಯವರಿಗೆ ಮತ ತರುವುದು ಬೇರೆ, ಜನ ನಿನ್ನ ಮುಖ ನೋಡಿ ಮತ ಕೊಡುವುದು ಬೇರೆ. ಎರಡನೆಯದಕ್ಕೆ ಸೂತ್ರವಿಲ್ಲ, ಸವೆಸಬೇಕಾದ ಚಪ್ಪಲಿ ಇದೆ.

ಆ ಚಪ್ಪಲಿ ಸವೆಸುವ ಮೊದಲ ಜಾಗವೇ ಕಾಲೇಜು. ಪಾಟ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಯಿಂದಲೇ ಲಾಲು ಎದ್ದು ಬಂದದ್ದು. ನಮ್ಮಲ್ಲಿ ಏನಾಯಿತು? ಗಲಾಟೆ, ಹೊಡೆದಾಟದ ಕಾರಣ ಕೊಟ್ಟು 1980ರ ದಶಕದ ಕೊನೆಗೆ ವಿದ್ಯಾರ್ಥಿ ಚುನಾವಣೆ ನಿಲ್ಲಿಸಿದರು. ಮೂರು ದಶಕ ಕಳೆದರೂ ಅದು ಮರಳಲಿಲ್ಲ. ಗಲಾಟೆ ತಡೆಯಲು ದಾರಿ ಇರಲಿಲ್ಲವೇ? ಇತ್ತು. ಲಿಂಗ್ಡೋ ಸಮಿತಿ ದಾರಿ ತೋರಿಸಿತು, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು: ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು.

ಹೀಗಾಗಿ ನಮ್ಮ ಹುಡುಗರು ಒಮ್ಮೆಯೂ ಮತ ಕೇಳದೆ, ಒಮ್ಮೆಯೂ ಸೋಲದೆ, ಸೋತ ಮರುದಿನ ಅದೇ ಕ್ಲಾಸಿನಲ್ಲಿ ಗೆದ್ದವನ ಪಕ್ಕ ಕೂರದೆ, ನೇರವಾಗಿ ವಾರ್ ರೂಮಿಗೆ ಹೋಗಿ ಕೂರುತ್ತಿದ್ದಾರೆ. ಅವರಿಗೆ ಮತದಾರ ಎಂದರೆ ಪರದೆಯ ಮೇಲಿನ ಒಂದು ಸಾಲು. ಹೆಸರು, ವಯಸ್ಸು, ಜಾತಿ, ಫೋನ್ ನಂಬರು. ಆ ಸಾಲಿನಲ್ಲಿ ನಿಮ್ಮ ಅವ್ವನೂ ಇದ್ದಾಳೆ, ನೆನಪಿರಲಿ.

ಆದ್ದರಿಂದ ಗೆಳೆಯರೇ, ಕೆಲಸ ಸಿಕ್ಕರೆ ಹೋಗಿ, ಬೇಡವೆನ್ನುವುದಿಲ್ಲ. ಹೋಗುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಪಟ್ಟಿ ಎಲ್ಲಿಂದ ಬಂತು? ನಾನು ಬರೆದ ಸಂದೇಶಕ್ಕೆ ನನ್ನ ಹೆಸರು ಹಾಕಲು ನನಗೆ ಧೈರ್ಯವಿದೆಯೇ? ಇದನ್ನೇ ನಮ್ಮ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಬಲ್ಲೆನೇ? ಮೂರಕ್ಕೂ ಉತ್ತರ ಸಿಕ್ಕರೆ ಧಾರಾಳವಾಗಿ ಕೂತು ಕೆಲಸ ಮಾಡಿ. ಸಿಗದಿದ್ದರೆ ಎದ್ದು ಬನ್ನಿ.

ಮತ್ತು ನಿಮ್ಮ ಕಾಲೇಜಿನಲ್ಲಿ ಚುನಾವಣೆ ಬೇಕೆಂದು ಕೇಳಿ. ಗಂಟಲು ಇನ್ನೂ ನಿಮ್ಮದೇ ಆಗಿರುವಾಗಲೇ ಕೇಳಿ.